ಲಾರಿ ನಿಲ್ಲಿಸುವವಳು

ಆ ಡ್ರೈವರನ ಮುಖ ತುಂಬಿಕೊಳ್ಳುತ್ತಿದೆ. ಎಂಟು ಹತ್ತು ದಿನದಿಂದ ಏನೋ ಸರಿಯಿಲ್ಲ, ಏನೋ ಕಣ್ಣಿಗೆ ಚುಚ್ಚುತ್ತಿದೆ ಎಂದು ಕೆರಿಯಮ್ಮನಿಗೆ ಅನ್ನಿಸುತ್ತಲೇ ಇತ್ತು. ಅದು ಇದೇ ಎಂದು ಹೊಳೆದದ್ದು ಮಾತ್ರ ಈ ಬೆಳಿಗ್ಗೆ, ಒಲೆಯ ಮುಂದೆ ಕೂತು ಗಂಜಿಗೆ ಉಪ್ಪು ಹಾಕುವಾಗ. ಹೋದ ವರ್ಷದ ಆಷಾಢದಲ್ಲಿ ತನ್ನ ಮಗಳು ತುಂಗಿಯನ್ನು ಲಾರಿಯ ಗಾಲಿಗೆ ಕೊಟ್ಟವನು, ಆಮೇಲೆ ಕೋರ್ಟಿನ ಜಗಲಿಯ ಮೇಲೆ ಒಣಗಿದ ಕಡ್ಡಿಯಂತೆ ಕೂತಿದ್ದವನು, ಈಗ ಕೆನ್ನೆಯ ಗುಳಿ ಮುಚ್ಚಿಕೊಂಡು, ಗಡ್ಡ ಹೆರೆಸಿಕೊಂಡು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಬರುತ್ತಿದ್ದಾನೆ. ಅಂದರೆ ಅವನಿಗೆ ಅನ್ನ ಸೇರುತ್ತಿದೆ. ಅನ್ನ ಸೇರುತ್ತಿದೆ ಅಂದರೆ ನಿದ್ದೆಯೂ ಬರುತ್ತಿರಬೇಕು. ಎಲಾ ಇವನ, ಎಂದುಕೊಂಡಳು; ಎಂದುಕೊಳ್ಳುತ್ತಲೇ ಇನ್ನೊಂದು ಚಿಟಿಕೆ ಉಪ್ಪು ಹಾಕಿದಳು, ಮೊದಲು ಹಾಕಿದ್ದು ಮರೆತು. ಗಂಡ ಹೂವಪ್ಪ ಒಂದು ಗುಟುಕು ಕುಡಿದು, ಏನೂ ಹೇಳದೆ ಚೊಂಬಿನಿಂದ ನೀರು ಸುರಿದುಕೊಂಡು, ಮತ್ತೆ ಕುಡಿದ. ಈ ಮನುಷ್ಯ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳನ್ನು ಮಣ್ಣು ಮಾಡಿ ಬಂದ ದಿನದಿಂದ ಇವನು ಹೀಗೇ, ಉಪ್ಪಾದರೆ ನೀರು, ಖಾರವಾದರೆ ನೀರು.

ಹೊರಗೆ ಇಬ್ಬನಿ ಇನ್ನೂ ಎದ್ದಿರಲಿಲ್ಲ. ಅವಳು ಕಂಬಳಿ ಹೊದ್ದು ರಸ್ತೆಗೆ ಬಂದಾಗ ಊರಿನ ಮಕ್ಕಳೆಲ್ಲ ಬಸರಿ ಮರದ ಬುಡದಲ್ಲಿ ಗುಂಪುಗೂಡಿದ್ದವು, ಸ್ಲೇಟು ಒಂದು ಕೈಯಲ್ಲಿ, ಬುತ್ತಿ ಒಂದು ಕೈಯಲ್ಲಿ. 'ಕೆರಿಯತ್ತೆ ಬಂತು' ಎಂದು ಜಲಜಮ್ಮನ ಮಗಳು ಗಿರಿಜ ಓಡಿಬಂದು ಸೆರಗು ಹಿಡಿದುಕೊಂಡಿತು. ದಿನಾ ಹೀಗೇ ಹಿಡಿದುಕೊಳ್ಳುತ್ತದೆ. ತುಂಗಿಯ ಜೊತೆ ಒಂದೇ ಮಣೆಯ ಮೇಲೆ ಕೂರುತ್ತಿದ್ದ ಹುಡುಗಿ. ಅದರ ಕೈ ತಾಗಿದರೆ ಕೆರಿಯಮ್ಮನಿಗೆ ಮೈ ಉರಿಯುತ್ತದೆ, ಬಿಡಿಸಿಕೊಳ್ಳಲೂ ಆಗುವುದಿಲ್ಲ. ಮಕ್ಕಳನ್ನು ರಸ್ತೆಯಲ್ಲಿ ನಡೆಸಿಕೊಂಡು ಶಾಲೆಗೆ ಮುಟ್ಟಿಸುವ ಈ ಕೆಲಸವನ್ನು ಅವಳಿಗೆ ಯಾರೂ ಹೇಳಿದ್ದಲ್ಲ. ಕೋರ್ಟಿನವರು 'ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡ ಹುಡುಗಿಗೆ ಲಾರಿ ಕಾಣಲಿಲ್ಲ, ಡ್ರೈವರನದು ತಪ್ಪಿಲ್ಲ' ಎಂದು ಅವನನ್ನು ಬಿಟ್ಟ ಮರುದಿನವೇ ಅವಳು ಹೋಗಿ ಇಳಿಜಾರಿನ ಮಧ್ಯೆ ನಿಂತುಬಿಟ್ಟಿದ್ದಳು. ಸಾಯುವುದಕ್ಕೆ ನಿಂತದ್ದೋ ಸಾಯಿಸುವುದಕ್ಕೆ ನಿಂತದ್ದೋ ಅವಳಿಗೇ ಗೊತ್ತಿರಲಿಲ್ಲ. ಲಾರಿ ಕಿರ್ರೋ ಎಂದು ನಿಂತಿತು; ಅಷ್ಟರಲ್ಲಿ ಹಿಂದಿನಿಂದ ಮಕ್ಕಳು ಬಂದವು, ಅವಳ ಬೆನ್ನ ಮರೆಯಲ್ಲಿ ಸುರಕ್ಷಿತವಾಗಿ ದಾಟಿಕೊಂಡು ಹೋದವು. ಸೈಕಲ್ಲಿನಲ್ಲಿ ಬರುತ್ತಿದ್ದ ಮುಕುಂದಯ್ಯ ಮೇಷ್ಟ್ರು ಅದನ್ನು ನೋಡಿದರು. ಮುಗಿಯಿತಲ್ಲ, ಆಗಸ್ಟ್ ಹದಿನೈದಕ್ಕೆ ಬಾವುಟದ ಕೆಳಗೆ ಅವಳನ್ನು ನಿಲ್ಲಿಸಿ, 'ತನ್ನ ಮಗು ಹೋದರೂ ಊರಿನ ಮಕ್ಕಳನ್ನೆಲ್ಲ ತನ್ನದೆಂದುಕೊಂಡ ತಾಯಿ' ಎಂದು ಭಾಷಣ ಮಾಡಿ, ಕೈಗೊಂದು ಪೆಪ್ಪರಮೆಂಟಿನ ಪೊಟ್ಟಣ ಕೊಟ್ಟರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪುಣ್ಯಾತಗಿತ್ತಿ ಅಂದರು. ಅವಳು ಆ ಪೊಟ್ಟಣವನ್ನು ದಾರಿಯಲ್ಲಿ ಹಳ್ಳಕ್ಕೆ ಎಸೆದು ಮನೆಗೆ ಬಂದಳು.

ಪುಣ್ಯವಂತೆ, ಪುಣ್ಯ. ಇವರಿಗೇನು ಗೊತ್ತು. ನೇರಲಕೊಪ್ಪದ ಈ ಇಳಿಜಾರು ಇದೆಯಲ್ಲ, ಹೊಸನಗರದ ಕಡೆಯಿಂದ ಮರದ ದಿಮ್ಮಿ ಹೇರಿಕೊಂಡು ಸಾಗರಕ್ಕೆ ಹೋಗುವ ಲಾರಿಗಳೆಲ್ಲ ಇದರ ನೆತ್ತಿಗೆ ಬರುತ್ತಲೇ ಇಂಜಿನು ಆರಿಸಿ, ನ್ಯೂಟ್ರಲ್ಲಿಗೆ ಬಿಟ್ಟು, ಸುಮ್ಮನೆ ಜಾರಿಕೊಂಡು ಬರುತ್ತಿದ್ದವು. ಲಾರಿ ಸಾಹುಕಾರನಿಗೆ ಡೀಸೆಲ್ ಉಳಿಯುತ್ತದೆ. ಅಷ್ಟು ಭಾರದ ಲಾರಿ ಬೆಕ್ಕು ಬಂದ ಹಾಗೆ ಬರುತ್ತದೆ, ಸದ್ದಿಲ್ಲ, ಸುದ್ದಿಯಿಲ್ಲ. ಕಂಬಳಿಕೊಪ್ಪೆಯೊಳಗೆ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿ ನಡೆಯುವ ಹುಡುಗಿಗೆ ಏನು ಕೇಳಬೇಕು? ಮಳೆ ಕೇಳುತ್ತದೆ. ಕೋರ್ಟಿನಲ್ಲಿ ಇದನ್ನು ಹೇಳಲು ಅವಳು ಬಾಯಿ ತೆರೆದರೆ, ಕರಿಕೋಟಿನವನೊಬ್ಬ, 'ನೀವು ಲಾರಿ ಬಿಡೋದು ಯಾವಾಗ ಕಲಿತಿರಿ ಅಮ್ಮ' ಎಂದ, ಎಲ್ಲರೂ ನಕ್ಕರು. ಹೂವಪ್ಪನೂ ತಲೆ ತಗ್ಗಿಸಿದ. ಆ ನಗು ಇನ್ನೂ ಅವಳ ಕಿವಿಯಲ್ಲಿದೆ. ಹಾಗಾಗಿ ಅವಳು ಕೋರ್ಟನ್ನು ಇಳಿಜಾರಿಗೇ ತಂದುಕೊಂಡಳು. ದಿನಾ ಬೆಳಿಗ್ಗೆ ಅವನ ಲಾರಿ ಬರುವ ಹೊತ್ತಿಗೇ ಅವಳು ಮಕ್ಕಳನ್ನು ಹೊರಡಿಸುವುದು. ಬೇರೆ ಲಾರಿ ಬಂದರೆ ಬದಿಗೆ ಸರಿದು ನಿಲ್ಲುತ್ತಾಳೆ. ಅವನದು ಬಂದರೆ ಮಾತ್ರ ನಟ್ಟನಡುವೆ ನಿಂತು ಕೈ ಅಡ್ಡ ಹಿಡಿಯುತ್ತಾಳೆ. ಮುದ್ದಾಂ ಅವನಿಗಾಗಿಯೇ ಎಂದು ಊರಿನಲ್ಲಿ ಯಾರಿಗೂ ತಿಳಿದಿಲ್ಲ, ಅಥವಾ ತಿಳಿದೂ ಸುಮ್ಮನಿದ್ದಾರೆ.

ಇವತ್ತೂ ಬಂತು. ಇಬ್ಬನಿಯಲ್ಲಿ ಮೊದಲು ಇಂಜಿನಿನ ಸದ್ದು, ಆಮೇಲೆ ದೀಪ. ಈಗ ಅವನು ನ್ಯೂಟ್ರಲ್ಲಿಗೆ ಬಿಡುವುದಿಲ್ಲ, ಗೇರಿನಲ್ಲೇ ನರಳಿಸಿಕೊಂಡು ಇಳಿಸುತ್ತಾನೆ. ಅಷ್ಟನ್ನು ಅವಳು ಕಲಿಸಿದ್ದಾಳೆ. ಲಾರಿ ನಿಂತಿತು. ಭಾರದ ಲಾರಿ, ಇಳಿಜಾರು, ಬ್ರೇಕನ್ನೇ ನಂಬುವಂತಿಲ್ಲ. ಗಾಲಿಗೆ ಮರದ ತುಂಡು ಕೊಡಬೇಕು. ಆ ಕೆಲಸಕ್ಕೆ ಕ್ಲೀನರು ಇದ್ದಾನೆ, ಆದರೂ ಡ್ರೈವರು ಮಾಸ್ತಪ್ಪ ತಾನೇ ಇಳಿದು ಬಂದು, ಅವಳ ಕಾಲ ಬಳಿಯಲ್ಲೇ ಮಂಡಿಯೂರಿ, ಗಾಲಿಗೆ ತುಂಡು ಕೊಟ್ಟು, ಎದ್ದು ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಅವನ ಬಗ್ಗಿದ ಬೆನ್ನು ನೋಡುವಷ್ಟು ಹೊತ್ತು ಅವಳ ಎದೆಯೊಳಗೆ ತಣ್ಣಗಾಗುತ್ತಿತ್ತು. ಇಡೀ ದಿನದಲ್ಲಿ ಅವಳು ಬದುಕುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ. 'ನಿಧಾನ ಹೋಗ್ರಿ ಮಕ್ಳಾ, ಒಬ್ರ ಹಿಂದೆ ಒಬ್ರು. ಏ ಗಿರಿಜಾ, ಬುತ್ತಿ ಬಿಚ್ಚಿದೆ ನೋಡು, ನಿಂತು ಕಟ್ಕ' ಎಂದಳು. ಬುತ್ತಿ ಬಿಚ್ಚಿರಲಿಲ್ಲ. ಗಿರಿಜ ನಿಂತು ಮತ್ತೆ ಕಟ್ಟಿಕೊಂಡಿತು. ಅವನು ಕಾಯುತ್ತಿದ್ದ. ಕಾಯಲಿ, ಸಾಗರದ ಸಾಮಿಲ್ಲಿನಲ್ಲಿ ತಡವಾಗಲಿ, ಸಾಹುಕಾರನ ಹತ್ತಿರ ಉಗಿಸಿಕೊಳ್ಳಲಿ. ಅವಳು ಅವನ ಮುಖ ನೋಡಿದಳು. ಹೌದು, ತುಂಬಿಕೊಂಡಿದೆ. ಕಣ್ಣಿನ ಕೆಳಗಿನ ಕಪ್ಪು ಹೋಗಿದೆ. ತಲೆ ತಗ್ಗಿಸಿ ನಿಂತ ಆ ಮುಖದಲ್ಲಿ ದೇವಸ್ಥಾನದಲ್ಲಿ ತೀರ್ಥಕ್ಕೆ ಕಾದು ನಿಂತವರ ನೆಮ್ಮದಿ ಇತ್ತು.

ಮೇಷ್ಟ್ರು ಸೈಕಲ್ಲಿನಿಂದಿಳಿದು ಅವಳ ಜೊತೆ ತಳ್ಳಿಕೊಂಡು ಬಂದರು. ಈ ಇಳಿಜಾರಿನಲ್ಲಿ ಅವರು ಸೈಕಲ್ ಹತ್ತುವುದಿಲ್ಲ. 'ಕೆರಿಯಮ್ಮ, ಇವತ್ತು ಶನಿವಾರ, ಬಿಟ್ಟ ಮೇಲೆ ಶಾಲೆ ಜಗಲಿಯಲ್ಲಿ ಎಲ್ಲಾ ಸೇರ್ತಾರೆ. ನೀವೂ ಹೂವಪ್ಪನೂ ಬರಬೇಕು. ರಸ್ತೆ ಸಹವಾಸನೇ ಬೇಡ ಅಂತ. ನೀವು ಬೆಳೆ ಹಾಕೋ ಹಕ್ಕಲಿನಲ್ಲಿ ಹಾಯ್ದು, ಗದ್ದೆ ಅಂಚಿಗೆ ಇಳಿದು, ಹಳ್ಳ ದಾಟಲು ದಿಮ್ಮಿಯ ಸಂಕವೊಂದು ಹಾಕಿದರೆ ಮಕ್ಕಳು ಶಾಲೆ ಹಿತ್ತಲಿಗೇ ಬಂದು ಮುಟ್ಟುತ್ತಾರೆ. ದೊಡ್ಡ ಹುಡುಗರು ಸೈಕಲ್ ತಳ್ಳಿಕೊಂಡು ಬರುವಷ್ಟು ಅಗಲ ಮಾಡಿದರಾಯ್ತು. ಜಾಗದ ಒಡೆಯರು ಹೂಂ ಅಂದಿದ್ದಾರೆ. ಆದರೆ ಹಕ್ಕಲು ಕಡಿದು ಮಾಡಿದವರು ನೀವು. ನೀವು ಬೇಲಿ ಬಿಚ್ಚಬೇಕು.' ಮೇಷ್ಟ್ರು ಒಳ್ಳೆಯವರು, ಹಾಗಾಗಿಯೇ ಅವರ ಮೇಲೆ ಸಿಟ್ಟು ಬರುತ್ತಿತ್ತು. ಮಕ್ಕಳು ಆ ಹಾದಿ ಹಿಡಿದರೆ ರಸ್ತೆಯಲ್ಲಿ ಅಡ್ಡ ನಿಲ್ಲಲು ಅವಳಿಗೆ ಯಾವ ನೆಪ? ಸುಮ್ಮಸುಮ್ಮನೆ ಲಾರಿ ತಡೆದರೆ ಹುಚ್ಚಿ ಅಂತಾರೆ. ಅವನು ಹಾರನ್ ಹೊಡೆದು, ನ್ಯೂಟ್ರಲ್ಲಿಗೆ ಬಿಟ್ಟು, ಹಾಯಾಗಿ ಜಾರಿಕೊಂಡು ಸಾಗರ ಸೇರುತ್ತಾನೆ. 'ನೋಡಾಣ ಮೇಷ್ಟ್ರೇ' ಎಂದಳು. ಅವಳು ನೋಡಾಣ ಎಂದರೆ ಇಲ್ಲ ಎಂದೇ ಅರ್ಥ, ಊರಿಗೆಲ್ಲ ಗೊತ್ತು.

ಬೇಲಿ ಬಿಚ್ಚಬೇಕಂತೆ. ಹೊಸ ಹಾದಿಯಂತೆ, ಹೊಸದೇನು ಬಂತು. ಮೊದಲು ಅದೇ ಹಾದಿಯಿತ್ತು. ಮಕ್ಕಳೆಲ್ಲ ಅಲ್ಲೇ ಹೋಗುತ್ತಿದ್ದವು, ಬೇಲಿಬಾಯಿಯ ದಣಪೆಯ ಗಳ ಸರಿಸಿ ನುಸುಳಿ, ನಗುತ್ತಾ. ಹಕ್ಕಲಿನಲ್ಲಿ ಸೌತೆ ಬಳ್ಳಿ ಹಬ್ಬಿತ್ತು, ಎಳೆಕಾಯಿ ಬಿಟ್ಟಿದ್ದವು. ಒಂದು ದಿನ ನೋಡಿದರೆ ಕಾಯಿಯೇ ಇಲ್ಲ, ಬಳ್ಳಿಯೂ ತುಳಿದು ಹಾಳು. ಅವಳು ರಸ್ತೆಯವರೆಗೆ ಕೇಳುವಂತೆ ಬೈದಳು, ಯಾವ ಮುಂಡೇ ಮಕ್ಳು ತಿಂದದ್ದು ಹೊಟ್ಟೆ ಒಡೆದು ಹೋಗಲಿ ಎಂದಳು, ಅವತ್ತೇ ಪರಿಗೆ ಮುಳ್ಳು ಕಡಿಸಿ ತಂದು ದಣಪೆಗೆ ತುರುಕಿ ಹಾದಿ ಬಂದ್ ಮಾಡಿದಳು. ಹೂವಪ್ಪ, 'ಮಕ್ಳು ಎಲ್ಲಿ ಹೋಗದು ಮತ್ತೆ' ಎಂದದ್ದಕ್ಕೆ, 'ಸರ್ಕಾರ ಅಷ್ಟು ದೊಡ್ಡ ರಸ್ತೆ ಮಾಡಿದ್ದು ಎಂತಕ್ಕೆ' ಎಂದಳು. ಅವತ್ತು ರಾತ್ರಿ ತುಂಗಿ ಚಾಪೆಯಲ್ಲಿ ಪಕ್ಕ ಮಲಗಿ, ಕಿವಿಯ ಹತ್ತಿರ ಬಾಯಿ ತಂದು, 'ಅವ್ವಾ, ಕಾಯಿ ಕಿತ್ತಿದ್ದು ನಾನೇ, ಎಲ್ಲಾರಿಗೂ ಕೊಟ್ಟೆ, ಗಿರಿಜಿಗೆ ಎರಡು ಕೊಟ್ಟೆ' ಎಂದಿತು. ಬೇಲಿ ತೆಗೆಯಬಹುದಿತ್ತು. ಮರುದಿನವೇ ತೆಗೆಯಬಹುದಿತ್ತು. ಬೈದು ಹಾಕಿದ ಬೇಲಿಯನ್ನು ಊರಿನೆದುರು ತಾನೇ ತೆಗೆದರೆ ಮರ್ಯಾದೆ ಎಲ್ಲಿ ಉಳಿಯಿತು, ಒಂದು ಮಳೆಗಾಲ ಹೋಗಲಿ ಎಂದು ಬಿಟ್ಟಳು. ಆ ಮಳೆಗಾಲದಲ್ಲೇ ತುಂಗಿ ಹೋಯಿತು. ಅದಕ್ಕೇ ಅವಳು ಇಳಿಜಾರಿಗೆ ಬರುವುದು. ಅವನ ಬಗ್ಗಿದ ಬೆನ್ನನ್ನು ನೋಡುವಷ್ಟು ಹೊತ್ತು ಬೇಲಿ ಕಣ್ಣಿಗೆ ಕಟ್ಟುವುದಿಲ್ಲ.

ಜಗಲಿಯಲ್ಲಿ ಗಂಡಸರು ಕಂಬಕ್ಕೆ ಒರಗಿ ಕೂತಿದ್ದರು, ಹೆಂಗಸರು ಮೆಟ್ಟಿಲ ಕೆಳಗೆ. ಮೇಷ್ಟ್ರು ಎಲ್ಲವನ್ನೂ ಮತ್ತೆ ಬಿಡಿಸಿ ಹೇಳಿದರು. ಮನೆಗೊಬ್ಬರಂತೆ ಕೆಲಸಕ್ಕೆ ಬಂದರೆ ಒಂದೇ ದಿನದಲ್ಲಿ ಹಾದಿ ಆಗುತ್ತದೆ, ಸಂಕಕ್ಕೆ ಒಳ್ಳೆಯ ದಿಮ್ಮಿಯೊಂದನ್ನು ಲಾರಿಯವರ ಹತ್ತಿರ ಕೇಳಿದ್ದೇನೆ ಎಂದರು. ಎಲ್ಲರೂ ಕೆರಿಯಮ್ಮನ ಕಡೆ ನೋಡಿದರು. 'ನಾನು ದಿನಾ ದಾಟಿಸ್ತಾ ಇದೀನಲ್ಲ. ಈಗ ಯಾರಿಗೆ ಎಂತ ಕಮ್ಮಿಯಾಗಿದೆ?' ಎಂದಳು. ಆಗ ಜಲಜಮ್ಮ, ಅವಳದು ಮೊದಲಿಂದಲೂ ಮೆಲ್ಲಗೆ ಕುಯ್ಯುವ ಬಾಯಿ, ಯಾರ ಮುಖವನ್ನೂ ನೋಡದೆ ಹೇಳಿದಳು: 'ನೀನು ಒಂದಿನ ಜ್ವರ ಬಂದು ಮಲಗಿದ್ರೆ ಎಂತ ಮಾಡದು ಕೆರಿಯಕ್ಕ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ದ ಹಾಗೆ ಆಗದು ಬ್ಯಾಡ ಅಂತ. ಮುಂಚೆ ಹಾದಿ ಇತ್ತಲ್ಲ. ಬೇಲಿ ಆದ ಮೇಲೆ ತಾನೇ ಇಷ್ಟೆಲ್ಲಾ.' ಯಾರೋ ಕೆಮ್ಮಿದರು. ಕೆರಿಯಮ್ಮನ ಕೈ ತನ್ನಷ್ಟಕ್ಕೆ ಕಂಬಳಿಯ ಅಂಚನ್ನು ಹಿಂಡುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಎಂದು ತನಗೇ ಅನ್ನಿಸಿ ಕೈ ಬಿಟ್ಟಳು. ಹೂವಪ್ಪ ನೆಲ ನೋಡುತ್ತಿದ್ದ. ಇವನೊಬ್ಬ ಒಂದು ಮಾತು ಆಡಲಿ, ನನ್ನ ಹೆಂಡತಿಯನ್ನು ಯಾಕೆ ಅಂತೀರಿ ಅನ್ನಲಿ, ಅಥವಾ ಹೌದು ಇವಳೇ ಅನ್ನಲಿ. ಅವನು ನೆಲದ ಮೇಲೆ ಕಡ್ಡಿಯಿಂದ ಗೀರುತ್ತಿದ್ದ. 'ನನ್ನ ಹಕ್ಕಲು. ಬಿಡದಿಲ್ಲ' ಎಂದು ಎದ್ದು ಶಾಲೆಯ ಬಾವಿಯ ಕಡೆ ನಡೆದಳು. ಬೆನ್ನ ಹಿಂದೆ ಹೆಂಗಸರ ಗುಜುಗುಜು ಶುರುವಾಯಿತು.

ಬಾವಿಕಟ್ಟೆಯ ಹತ್ತಿರ ಮಾಸ್ತಪ್ಪ ನಿಂತಿದ್ದ. ದಿಮ್ಮಿಯ ವಿಷಯ ಮಾತಾಡಲು ಮೇಷ್ಟ್ರು ಬರಹೇಳಿದ್ದರು; ಖಾಲಿ ಲಾರಿಯನ್ನು ರಸ್ತೆಯಲ್ಲೇ ಬಿಟ್ಟು ಬಂದಿದ್ದ, ಜಗಲಿಗೆ ಹತ್ತಲು ಹೆದರಿ ಇಲ್ಲಿ ನಿಂತಿದ್ದ. ಇಳಿಜಾರಲ್ಲದ ಜಾಗದಲ್ಲಿ ಅವನನ್ನು ಇಷ್ಟು ಹತ್ತಿರದಿಂದ ಅವಳು ನೋಡಿದ್ದೇ ಇಲ್ಲ. ತುಮರಿ ಕಡೆಯವನು, ಅಣೆಕಟ್ಟಿನ ನೀರಿಗೆ ಗದ್ದೆ ಮನೆ ಹೋಗಿ ಲಾರಿ ಹತ್ತಿದವನು ಎಂದು ಊರವರು ಮರುಕ ಪಡುತ್ತಿದ್ದರು. ಅವಳು ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದಳು. ಅವನು ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

'ಅಮ್ಮಾ, ಹಾದಿ ಬಿಡದಿಲ್ಲ ಅಂದಿದ್ದು ಕೇಳ್ತು. ಒಳ್ಳೇದು ಮಾಡಿದ್ರಿ.'

ಅವಳಿಗೆ ಅರ್ಥವಾಗಲಿಲ್ಲ. 'ಎಂತ ಒಳ್ಳೇದು?'

'ಹೇಳಕ್ಕೆ ಬಾಯಿ ಬರದಿಲ್ಲ. ಆವತ್ತಿಂದ ನಂಗೆ ನಿದ್ದೆ ಇರ್ಲಿಲ್ಲಮ್ಮ. ಕಣ್ಣು ಮುಚ್ಚಿದ್ರೆ ಆ ಕಂಬಳಿಕೊಪ್ಪೆನೇ. ಕೋರ್ಟಲ್ಲಿ ಬಿಟ್ಟಾಗ ಇನ್ನೂ ಜಾಸ್ತಿ ಆಯ್ತು, ಯಾರಾದ್ರೂ ಎರಡು ಬಡಿಲಿ ಅನ್ನಿಸ್ತಿತ್ತು. ಆಮೇಲೆ ನೀವು ಬಂದು ಅಡ್ಡ ನಿಂತ್ರಿ.' ಅವನು ವಸ್ತ್ರವನ್ನು ಮಡಚಿದ, ಬಿಚ್ಚಿದ. 'ದಿನಾ ಬೆಳಗ್ಗೆ ನಿಮ್ಮ ಕಾಲ ಹತ್ರ ಬಗ್ಗಿ ಗಾಲಿಗೆ ತುಂಡು ಕೊಟ್ಟು, ಎದುರು ನಿಂತು ಹೋದ್ರೆ ಎಂತದೋ ಒಂಚೂರು ಇಳಿದ ಹಾಗಾಗ್ತದೆ. ಈಗ ಊಟ ಸೇರ್ತದೆ. ನಿದ್ದೆನೂ ಬರ್ತದೆ. ಸಾಹುಕಾರ್ರು ಶಿವಮೊಗ್ಗದ ಲೈನಿಗೆ ಹಾಕ್ತೀನಿ ಅಂದ್ರು, ನಾನೇ ಬ್ಯಾಡ ಅಂದೆ. ಮನೇಲಿ ಹೆಂಡ್ತಿ ಹೇಳ್ತಾಳೆ, ಆ ತಾಯಿ ನಿನ್ನ ಕ್ಷಮಿಸಿದಾರೆ, ಇಲ್ದಿದ್ರೆ ದಿನಾ ಯಾಕೆ ಮುಖ ತೋರಿಸ್ತಿದ್ರು ಅಂತ.'

ಬಾವಿಯ ರಾಟೆ ಗಾಳಿಗೆ ಕಿರುಗುಟ್ಟುತ್ತಿತ್ತು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಬೆತ್ತಲೆ ಮಾಡಿ ನಿಲ್ಲಿಸಿದ ಹಾಗೆ. ಇಷ್ಟು ತಿಂಗಳು ಇಬ್ಬನಿಯಲ್ಲಿ, ಚಳಿಯಲ್ಲಿ, ಒಲೆಯ ಮೇಲಿನ ಗಂಜಿ ಬಿಟ್ಟು ಅವಳು ಓಡೋಡಿ ಬಂದು ಇವನಿಗೆ ನಿದ್ದೆ ಕೊಟ್ಟು ಹೋಗಿದ್ದಾಳೆ. ಅನ್ನ ಕೊಟ್ಟು ಹೋಗಿದ್ದಾಳೆ. ಈ ಕೆನ್ನೆ ತುಂಬಿಸಿದವಳು ಅವಳೇ. ತಾನು ರಾತ್ರಿಯೆಲ್ಲ ಮಾಡಿನ ಗಳ ನೋಡುತ್ತಾ ಮಲಗಿದ್ದಾಗ, ಇವನು ಅಲ್ಲಿ ಹೆಂಡತಿಯ ಪಕ್ಕ ಗೊರಕೆ ಹೊಡೆಯುತ್ತಿದ್ದ, ಆ ತಾಯಿ ಕ್ಷಮಿಸಿದಾಳೆ ಎಂದುಕೊಂಡು. ಕ್ಷಮೆಯಂತೆ. ಯಾರು ಕೊಟ್ಟರು, ಯಾವಾಗ ಕೊಟ್ಟರು. ಅವಳು ಅವನ ಮುಖವನ್ನೇ ನೋಡಿದಳು. ಆ ಕಣ್ಣಿನಲ್ಲಿ ಮೋಸವಿರಲಿಲ್ಲ, ನೀರು ತುಂಬಿತ್ತು. ಅದು ಅವಳಿಗೆ ಇನ್ನೂ ಸಹಿಸಲಾಗದ್ದಾಯಿತು. ಅವನ ಕೆನ್ನೆಗೆ ಬಾರಿಸಿದರೆ? ಅದಕ್ಕೂ ಕಾದಿದ್ದಾನೆ ಇವನು, ಅದನ್ನೂ ಪ್ರಸಾದದ ಹಾಗೆ ಇಸಿದುಕೊಂಡು ಇನ್ನೂ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಬೈದರೂ ಅಷ್ಟೇ. ಇವನಿಗೆ ಅವಳಿಂದ ಏನು ಸಿಕ್ಕಿದರೂ ಲಾಭವೇ. ಏನೂ ಸಿಗಬಾರದು. ಅವಳು ಒಂದು ಮಾತೂ ಆಡದೆ ಹಿಂತಿರುಗಿ, ನೆಟ್ಟಗೆ ಜಗಲಿಯ ಮೆಟ್ಟಿಲ ಹತ್ತಿರ ಬಂದು ನಿಂತಳು.

'ಮೇಷ್ಟ್ರೇ, ನಾಳೆನೇ ಬೇಲಿ ಕಡೀತೀನಿ. ಮನೆಗೊಬ್ರು ಬರ್ಲಿ.'

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಮೇಷ್ಟ್ರು ಕೈ ಮುಗಿದರು. 'ದೊಡ್ಡ ಮನಸ್ಸು ಕೆರಿಯಮ್ಮ ನಿಮ್ಮದು' ಎಂದರು. ಜಲಜಮ್ಮ ಬಂದು ಅವಳ ಕೈ ಹಿಡಿದು, 'ನಾನು ಅಂದಿದ್ದು ಮನಸ್ಸಿಗೆ ಹಚ್ಕೋಬ್ಯಾಡ ಮಾರಾಯ್ತಿ' ಎಂದಳು. ಕೆರಿಯಮ್ಮನಿಗೆ ನಗು ಬಂತು, ಬಂದದ್ದನ್ನು ನುಂಗಿದಳು.

ಭಾನುವಾರ ಇಡೀ ಊರು ಹಕ್ಕಲಿನಲ್ಲಿ ಸೇರಿತು. ದಣಪೆಯ ಬೇಲಿಯನ್ನು ಯಾರಿಗೂ ಮುಟ್ಟಗೊಡದೆ ಅವಳೇ ಕತ್ತಿ ಹಿಡಿದು ಕಡಿದಳು. ಒಣಗಿದ ಪರಿಗೆ ಮುಳ್ಳು ಹಸಿಯದಕ್ಕಿಂತ ಕೆಟ್ಟದ್ದು, ಚರ್ಮ ಹೊಕ್ಕರೆ ಮುರಿದು ಒಳಗೇ ಉಳಿಯುತ್ತದೆ. ಅವಳು ಎಳೆದೆಳೆದು ಹಾಕುತ್ತಿದ್ದಳು, ಮುಂಗೈ ಗೀರಿ ರಕ್ತ ಬರುತ್ತಿತ್ತು. ಹೂವಪ್ಪ ಬಂದು ಪಕ್ಕದಲ್ಲಿ ನಿಂತ. 'ಆವತ್ತು ಕಡಿಲಿಲ್ಲ. ಈಗ ಎಂತಕ್ಕೆ?' ಎಂದು ಕೇಳಿದ. ಇಷ್ಟು ತಿಂಗಳಲ್ಲಿ ಅವನು ಆಡಿದ ಮೊದಲ ಮಾತು ಅದು, ನೀರು ಸುರಿಯದೆ ಆಡಿದ ಮಾತು. ಅವಳು ಕತ್ತಿ ಎತ್ತಿದ್ದವಳು ಹಾಗೇ ನಿಂತಳು. ಹೇಳಿಬಿಡಬೇಕು ಅನ್ನಿಸಿತು, ಸೌತೆಕಾಯಿಯ ಮಾತು, ಚಾಪೆಯಲ್ಲಿ ತುಂಗಿ ಆಡಿದ ಮಾತು, ಬಾವಿಕಟ್ಟೆಯ ಮಾತು, ಎಲ್ಲ. 'ಮಕ್ಳಿಗೆ' ಎಂದಳು. ಅವನು ಅವಳ ಕೈಯಿಂದ ಕತ್ತಿ ತೆಗೆದುಕೊಂಡು ಉಳಿದದ್ದನ್ನು ಕಡಿದ. ಸಂಜೆ ಹೊತ್ತಿಗೆ ಹಾದಿಯಾಗಿತ್ತು. ಹಳ್ಳಕ್ಕೆ ಮಾಸ್ತಪ್ಪ ಕೊಟ್ಟ ಹೊನ್ನೆಯ ದಿಮ್ಮಿ ಬಿದ್ದಿತ್ತು. ಅವನು ಅದನ್ನು ಇಳಿಸಿ, ಯಾರನ್ನೂ ಮಾತಾಡಿಸದೆ ಹೋಗಿದ್ದನಂತೆ.

ಸೋಮವಾರ ಬೆಳಿಗ್ಗೆ ಅವಳು ಮಕ್ಕಳ ಹಿಂದೆ ಹೊಸ ಹಾದಿಯಲ್ಲಿ ನಡೆದಳು. ಮಕ್ಕಳು ಜಿಂಕೆಮರಿಗಳ ಹಾಗೆ ಮುಂದೆ ಮುಂದೆ ಓಡುತ್ತಿದ್ದವು, ಬೈಯುವವರಿಲ್ಲ, ನಿಲ್ಲಿಸುವವರಿಲ್ಲ. ಗದ್ದೆಯ ಅಂಚಿನಿಂದ ನೋಡಿದರೆ ಪೊದೆಮಟ್ಟಿಯ ಸಂದಿನಲ್ಲಿ ಮೇಲೆ ಇಳಿಜಾರು ಕಾಣುತ್ತದೆ. ಇಂಜಿನಿನ ಸದ್ದು ಕೇಳಿತು, ಗೇರಿನಲ್ಲಿ ನರಳುತ್ತಾ ಇಳಿಯುವ ಸದ್ದು. ದಿನಾ ನಿಲ್ಲುವ ಜಾಗದಲ್ಲೇ ಲಾರಿ ನಿಂತಿತು. ಅವನು ಇಳಿದ, ಮಂಡಿಯೂರಿ ಗಾಲಿಗೆ ತುಂಡು ಕೊಟ್ಟ, ಎದ್ದು ವಸ್ತ್ರ ಬಿಚ್ಚಿ ನಿಂತ. ಎದುರಿಗೆ ಯಾರೂ ಇರಲಿಲ್ಲ. ಖಾಲಿ ರಸ್ತೆಗೆ ತಲೆ ತಗ್ಗಿಸಿ ನಿಂತ ಅವನನ್ನು ಅವಳು ಮಟ್ಟಿಯ ಮರೆಯಿಂದ ಕಣ್ಣು ತುಂಬ ನೋಡಿದಳು. ಅವನು ಆಚೆ ಈಚೆ ನೋಡಿದ. ಹತ್ತಿ ಹಾರನ್ ಹೊಡೆದ, ಮತ್ತೆ ಇಳಿದು ಬಂದ. ಗಿರಿಜ, 'ಡ್ರೈವರಣ್ಣಾ' ಎಂದು ಕೂಗಲು ಬಾಯಿ ತೆರೆದಿತು. ಕೆರಿಯಮ್ಮ ಅದರ ಬಾಯಿಗೆ ಕೈ ಇಟ್ಟಳು. ಆಗ ಅವನಿಗೆ ಅವಳು ಕಂಡಳು. ಎರಡು ಹೆಜ್ಜೆ ಮುಂದೆ ಬಂದು, ರಸ್ತೆಯ ಅಂಚಿನಲ್ಲಿ ನಿಂತು, ಕೈ ಜೋಡಿಸಿದ. ಅವಳು ಅವನನ್ನು ನೋಡಿದ್ದಾಳೆ ಎಂದು ಅವನಿಗೆ ಖಚಿತವಾಗುವಷ್ಟು ಹೊತ್ತು ನೋಡಿ, ಆಮೇಲೆ ಬೆನ್ನು ತಿರುಗಿಸಿ, ಗಿರಿಜಳ ಕೈ ಹಿಡಿದು ಸಂಕ ದಾಟಿದಳು.

ಶಾಲೆಯ ಹಿತ್ತಲಲ್ಲಿ ಮೇಷ್ಟ್ರು ಸೈಕಲ್ ಒರಗಿಸಿ ನಗುತ್ತಾ ನಿಂತಿದ್ದರು. 'ನೋಡಿ, ಎಷ್ಟು ಆರಾಮಾಗಿ ಬಂದರು. ನಾಳೆಯಿಂದ ಮಕ್ಕಳು ಅವರಷ್ಟಕ್ಕೇ ಬರ್ತಾರೆ, ನೀವು ತೊಂದರೆ ತಗೊಂಡು ಬರಬೇಕಾಗಿಲ್ಲ' ಎಂದರು. ಕೆರಿಯಮ್ಮ ಮುಂಗೈಯಲ್ಲಿ ಮುರಿದು ಉಳಿದಿದ್ದ ಮುಳ್ಳನ್ನು ಉಗುರಿನಿಂದ ಒತ್ತಿ ನೋಡಿಕೊಂಡಳು. ಮೇಲೆ ಇಳಿಜಾರಿನಲ್ಲಿ ಹಾರನ್ ಇನ್ನೊಮ್ಮೆ ಕೂಗಿತು, ಈ ಸಲ ಉದ್ದಕ್ಕೆ.

'ನಾಳೆನೂ ಬತ್ತೀನಿ ಮೇಷ್ಟ್ರೇ' ಎಂದಳು. 'ಅವ್ನು ಅಲ್ಲಿ ಲಾರಿ ನಿಲ್ಸದು ಬಿಡೋ ತನಕ ದಿನಾ ಬತ್ತೀನಿ.'